ಕೀಲಿಕೈ ಉಳ್ಳವರ ಅತಿಚಾರ

ಅಪಾಯವೆಂದೊಡನೆ ನಮ್ಮ ಸಂಸ್ಥೆಗಳಿಗೆ ಹೊರಗಿನ ಕಳ್ಳನೇ ಕಣ್ಣೆದುರು ನಿಲ್ಲುತ್ತಾನೆ. ಬಸದಿಯ ಕದಕ್ಕೆ ಬೀಗ ಹಾಕಿ ರೂಢಿಯಾದ ಮನಸ್ಸು, ದಾನಿಗಳ ವಹಿ ಗಣಕಯಂತ್ರವನ್ನು ಸೇರಿದ ಮೇಲೂ ಅಂಥದೇ ಬೀಗವನ್ನು ಹುಡುಕುತ್ತದೆ. ಎಲ್ಲಿಯೋ ಕುಳಿತ ಅಪರಿಚಿತನ ಭಯಕ್ಕೆ ಹಣ ವೆಚ್ಚವಾಗುತ್ತದೆ. ಪಾಸ್‌ವರ್ಡ್ ಮಾತ್ರ ಮೇಜಿನ ಗಾಜಿನ ಕೆಳಗೆ ಚೀಟಿಯಾಗಿ ಎಲ್ಲರಿಗೂ ಕಾಣುತ್ತಿರುತ್ತದೆ.

ನಮ್ಮ ಸೀಮೆಗೆ ಇದು ಹೊಸ ಪಾಠವಲ್ಲ. 1824ರ ಅಕ್ಟೋಬರ್ 23ರಂದು ಗೆದ್ದ ಕಿತ್ತೂರಿನ ಕೋಟೆ ಅದೇ ಡಿಸೆಂಬರಿನಲ್ಲಿ ಬಿದ್ದಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಮರಣ ಹೊಂದಿದರು. ಕಂಪನಿಯ ಸೈನ್ಯಬಲವೇನೂ ಅಲ್ಪವಾಗಿರಲಿಲ್ಲ. ಆದರೂ ಜನರ ಐತಿಹ್ಯವು ನೆನೆಯುವುದು ಮದ್ದಿನಲ್ಲಿ ಸಗಣಿ ಬೆರೆಸಿದ ಒಳಗಿನವರನ್ನು. ಸವದತ್ತಿಯಲ್ಲಿ 980ರಲ್ಲಿ ರಟ್ಟರ ಶಾಂತಿವರ್ಮನು ಬಸದಿಗೆ ಭೂಮಿಯನ್ನು ದತ್ತಿ ಬಿಟ್ಟು ಶಾಸನ ಹಾಕಿಸಿದನು. ಕನ್ನಡದ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಬರುವ ಶಾಪವು ಪರರು ಕೊಟ್ಟುದನ್ನು ಕಸಿಯುವವನಿಗಷ್ಟೇ ಅಲ್ಲ, ತಾನೇ ಕೊಟ್ಟುದನ್ನು ಮರಳಿ ಕಸಿಯುವವನಿಗೂ ತಗಲುತ್ತದೆ!

ಉಮಾಸ್ವಾತಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಮಿಥ್ಯೋಪದೇಶವನ್ನು ಬಿಟ್ಟರೆ ಉಳಿದವು ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಗುಟ್ಟನ್ನು ಹೊರಗೆಡಹುವುದು, ಸುಳ್ಳು ದಾಖಲೆ ಬರೆಯುವುದು, ಇಟ್ಟ ನಿಕ್ಷೇಪವನ್ನು ನುಂಗುವುದು, ಮುಖಚರ್ಯೆಯಿಂದ ಅರಿತ ಮನದ ಮಾತನ್ನು ಬಯಲಿಗಿಡುವುದು. ಇವುಗಳಲ್ಲಿ ಹೆಚ್ಚಿನವು ಗೋಡೆ ಹಾರಿ ಬಂದವನಿಂದ ಆಗತಕ್ಕವಲ್ಲ. ನಂಬಿಕೆ ಪಡೆದವನಿಗೇ ಸಾಧ್ಯ.

ರಾಮದುರ್ಗದಲ್ಲಾಗಲಿ ಸವದತ್ತಿಯಲ್ಲಾಗಲಿ, ಒಂದು ಟ್ರಸ್ಟ್ ಯಾವ ಮನೆಯ ಔಷಧೋಪಚಾರಕ್ಕೆ ನೆರವಾಯಿತೆಂಬುದನ್ನು ಸದಸ್ಯರೊಬ್ಬರು ಮದುವೆಯ ಪಂಕ್ತಿಯಲ್ಲಿ ಆಡಿಬಿಟ್ಟರೆಂದು ಭಾವಿಸಿರಿ. ಒಂದು ರೂಪಾಯಿಯೂ ಕಳುವಾಗಿಲ್ಲ. ಲೆಕ್ಕ ಪರಿಶೋಧಕರಿಗೆ ನಷ್ಟ ಕಾಣದು. ಆ ಕುಟುಂಬವಾದರೋ ಮತ್ತೆ ಕೈಚಾಚದೆ ರೋಗವನ್ನೇ ಸಹಿಸೀತು. ವೈಯಕ್ತಿಕ ದತ್ತಾಂಶದ ರಕ್ಷಣೆಗೆ ಕೇಂದ್ರ ಸರ್ಕಾರ 2023ರಲ್ಲಿ ಕಾಯಿದೆ ಮಾಡಿತು. ಶ್ರಾವಕನಿಗೆ ಆ ಕಟ್ಟಳೆ ಬಹು ಹಿಂದೆಯೇ ಇತ್ತು.

ಹಾಗೆಂದು ಸಂಬಳವಿಲ್ಲದೆ ದುಡಿಯುವ ಸೇವಾಕರ್ತರನ್ನು ಶಂಕಿಸುವುದೂ ಹಿಂಸೆಯೇ. ಆದರೆ ವ್ರತವು ಅನ್ಯರ ಮೇಲಿನ ಕಾವಲಲ್ಲ, ತನ್ನ ಪ್ರಮಾದದ ಮೇಲಿನ ಕಾವಲು. ಆದ್ದರಿಂದ ಕ್ರಮವು ಅಧ್ಯಕ್ಷರಿಂದಲೇ ಮೊದಲಾಗಲಿ: ನೆರವಿನ ಕಡತವನ್ನು ಇಬ್ಬರಲ್ಲದೆ ಯಾರೂ ತೆರೆಯದಿರುವುದು, ತೆರೆದ ದಿನವನ್ನು ಬರೆದಿಡುವುದು, ಹುದ್ದೆ ಬಿಟ್ಟವರ ಪಾಸ್‌ವರ್ಡನ್ನು ಅಂದೇ ಬದಲಿಸುವುದು.