ಹೊರೆಗಲ್ಲಿನ ಎತ್ತರ

ಹಳೆಯ ಕಾಲ್ದಾರಿಗಳ ಪಕ್ಕದಲ್ಲಿ ಕೆಲವೆಡೆ ಇನ್ನೂ ಹೊರೆಗಲ್ಲು ನಿಂತಿರುವುದುಂಟು. ಎರಡು ಕಂಬಗಲ್ಲು, ಮೇಲೆ ಅಡ್ಡಲಾಗಿ ಒಂದು ಚಪ್ಪಡಿ. ಸಂತೆಗೆ ಹೊರಟವರು, ಸೌದೆ ತರುವವರು ತಲೆಯ ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ಬಿಡುತ್ತಿದ್ದರು. ಆ ಕಲ್ಲಿನ ಜಾಣತನವೆಲ್ಲ ಅದರ ಎತ್ತರದಲ್ಲಿದೆ. ಬಗ್ಗಬೇಕಿಲ್ಲ, ಇಳಿಸಿಕೊಡಿ ಎಂದು ದಾರಿಹೋಕರನ್ನು ಕರೆಯಬೇಕಿಲ್ಲ.

ಎಲ್ಲ ಹೊರೆಗೂ ಇಂಥ ಕಲ್ಲು ಸಿಗುವುದಿಲ್ಲ. ಹೆಂಗಸರು ಹೆಂಗಸರ ನಡುವೆಯೂ ಬಾಯಿಬಿಟ್ಟು ಹೇಳದ ಒಂದು ಹೊರೆಯಿದೆ: ಮೈಗೆ ಮೀರಿ ಬೆಳೆದ ಎದೆಯ ಭಾರ.

ಅದನ್ನು ಹೊತ್ತವಳಿಗೆ ಹನ್ನೆರಡು ಹದಿಮೂರನೆಯ ವಯಸ್ಸಿನಿಂದಲೇ ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. 'ನೆಟ್ಟಗೆ ನಿಂತ್ಕೋ.' 'ವೇಲ್ ಸರಿ ಮಾಡ್ಕೋ.' ಒಂದನ್ನು ಪಾಲಿಸಿದರೆ ಇನ್ನೊಂದು ತಪ್ಪುತ್ತದೆ. ಹುಡುಗಿ ಬೆನ್ನು ಬಾಗಿಸಿ ಎರಡನೆಯದನ್ನು ಉಳಿಸಿಕೊಳ್ಳುತ್ತಾಳೆ. ವರ್ಷ ಕಳೆದಂತೆ ಕತ್ತುನೋವು, ಹೆಗಲಲ್ಲಿ ಬ್ರಾ ಪಟ್ಟಿ ಕೊರೆದ ಗುಳಿ, ಬೇಸಿಗೆಯಲ್ಲಿ ಎದೆಯ ಕೆಳಮಡಿಕೆಗೆ ಬೆವರು ನಿಂತು ಏಳುವ ಹುಣ್ಣು. ಹೇಳಿಕೊಂಡರೆ 'ಮಗು ಆದ್ಮೇಲೆ ಎಲ್ಲಾ ಸರಿಹೋಗುತ್ತೆ' ಎಂಬ ಸಮಾಧಾನ. ಬಸುರಿ, ಬಾಣಂತಿಯ ಎದೆ ಇನ್ನಷ್ಟು ತುಂಬಿಕೊಳ್ಳುತ್ತದೆಂಬುದು ಹಾಗೆ ಹೇಳಿದವರಿಗೂ ಗೊತ್ತು.

ಸರಿಯಳತೆಯ ಒಳಉಡುಪು, ವ್ಯಾಯಾಮ, ಫಿಸಿಯೋಥೆರಪಿಯಿಂದ ಕೆಲವರಿಗೆ ಅಷ್ಟಿಷ್ಟು ಹಗುರಾಗುತ್ತದೆ. ಆಗದವರಿಗೆ ಎದೆಯ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆಯಿದೆ. ಒಂದೊಂದು ಬದಿಯಿಂದ ಅರ್ಧ ಕಿಲೋ ತೆಗೆಯುವುದು ಅಪರೂಪವೇನಲ್ಲ. ಮಾಡಿಸಿಕೊಂಡ ಬಹಳಷ್ಟು ಮಂದಿ ನೆಮ್ಮದಿಯಿಂದಿದ್ದಾರೆ. ಆದರೆ ಹೊರೆಗಲ್ಲಿನ ಮೇಲಿಟ್ಟದ್ದನ್ನು ಮತ್ತೆ ಎತ್ತಿಕೊಳ್ಳಬಹುದು. ಇಲ್ಲಿ ಇಳಿಸಿದ್ದು ಇಳಿಯಿತು. ಅದಕ್ಕೇ ಏನು ಕೊಟ್ಟು ಏನು ಪಡೆಯುತ್ತಿದ್ದೇನೆ ಎಂಬ ಲೆಕ್ಕ ಮೊದಲೇ ಆಗಬೇಕು.

ಕೊಡುವುದರಲ್ಲಿ ಮೊದಲನೆಯದು ಕಲೆ. ಮೊಲೆತೊಟ್ಟಿನ ಸುತ್ತ ಒಂದು ಬಳೆ, ಅಲ್ಲಿಂದ ಕೆಳಕ್ಕೊಂದು ಗೆರೆ, ಹಲವರಿಗೆ ಕೆಳಮಡಿಕೆಯ ಉದ್ದಕ್ಕೂ ಇನ್ನೊಂದು. ತಿಳಿಯಾಗಲು ವರ್ಷವೋ ಅದಕ್ಕಿಂತ ಹೆಚ್ಚೋ ಬೇಕು, ಪೂರ್ತಿ ಅಳಿಯುವುದಿಲ್ಲ. ನಮ್ಮ ಕಂದುಬಣ್ಣದ ಚರ್ಮದಲ್ಲಿ ಗಾಯ ಗಂಟುಗಟ್ಟುವ ಸಂಭವ ಹೆಚ್ಚು. ಕಿವಿ ಚುಚ್ಚಿಸಿದ ಜಾಗದಲ್ಲಿ ಎಂದೋ ಗಂಟು ಎದ್ದಿದ್ದರೆ ಆ ಸಣ್ಣ ಸಂಗತಿಯನ್ನೂ ವೈದ್ಯರಿಗೆ ಹೇಳಬೇಕು.

ಎರಡನೆಯದು ಸ್ಪರ್ಶ. ತೊಟ್ಟನ್ನು ಸಾಮಾನ್ಯವಾಗಿ ಅದರ ನರ, ರಕ್ತನಾಳಗಳ ಸಮೇತವೇ ಮೇಲಕ್ಕೆ ಸರಿಸಿ ಕೂರಿಸುತ್ತಾರೆ. ಆದರೂ ಅಲ್ಲಿಯ ಅರಿವು ಮಂಕಾಗಬಹುದು, ಕೆಲವರಿಗೆ ಹೋಗಿಯೇಬಿಡಬಹುದು. ತೀರ ವಿರಳವಾಗಿ, ರಕ್ತ ಸಾಲದೆ ತೊಟ್ಟೇ ಉಳಿಯದಿರುವುದೂ ಉಂಟು. ಮುಂದೆ ಹಾಲೂಡಿಸಲು ಅನೇಕರಿಗೆ ಆಗುತ್ತದೆ, ಆದರೆ ಮಗುವಿಗೆ ಸಾಲುವಷ್ಟು ಬರುತ್ತದೆಂಬ ಭರವಸೆಯಿಲ್ಲ. ಇನ್ನೂ ಮಕ್ಕಳು ಬೇಕೆನ್ನುವವಳು ಈ ಪ್ರಶ್ನೆಯ ಬಳಿ ಸ್ವಲ್ಪ ಹೆಚ್ಚು ಹೊತ್ತು ಕೂರಬೇಕು. ತೂಕ ಏರಿದರೆ, ಬಸುರಾದರೆ ಎದೆ ಮತ್ತೆ ದೊಡ್ಡದಾಗಬಹುದು ಎಂಬುದೂ ನೆನಪಿರಲಿ.

ಇನ್ನು ಸಿದ್ಧತೆ. ಪ್ಲಾಸ್ಟಿಕ್ ಸರ್ಜರಿಯಲ್ಲೇ ಉನ್ನತ ಪದವಿ ಪಡೆದವರನ್ನು ಹುಡುಕಿ, ಹಿಂದೆ ಮಾಡಿದ ಚಿಕಿತ್ಸೆಗಳ ಫೋಟೋ ತೋರಿಸಿ ಎಂದು ಸಂಕೋಚವಿಲ್ಲದೆ ಕೇಳಬೇಕು. ನಿಕೋಟಿನ್ ರಕ್ತನಾಳವನ್ನು ಕಿರಿದುಗೊಳಿಸಿ ಗಾಯ ಮಾಯದಂತೆ ಮಾಡುತ್ತದೆ. ಕನಿಷ್ಠ 4 ವಾರ ಮೊದಲೇ ಸಿಗರೇಟು ಬಿಡಬೇಕು. ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪೂ ತಂಬಾಕೇ ತಾನೇ! 40 ದಾಟಿದವರಿಗೆ ಸಾಮಾನ್ಯವಾಗಿ ಮೊದಲು ಮ್ಯಾಮೋಗ್ರಾಂ ಆಗುತ್ತದೆ. ಆರೋಗ್ಯ ವಿಮೆಯವರು ಬರಿಯ ಅಂದಚೆಂದದ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ನೋವು, ಹುಣ್ಣುಗಳ ಹಳೆಯ ಚೀಟಿಗಳನ್ನು ಎತ್ತಿಟ್ಟುಕೊಂಡಿದ್ದರೆ ವೈದ್ಯಕೀಯ ಅಗತ್ಯವನ್ನು ಹೇಳಿಕೊಳ್ಳಲು ಆಧಾರವಾದೀತು.

ಎಲ್ಲಕ್ಕಿಂತ ಕಷ್ಟದ ಸಿದ್ಧತೆ ಮನೆಯೊಳಗಿನದು. ಆಪರೇಷನ್ ಕೆಲವೇ ಗಂಟೆಗಳದ್ದು. ಆಮೇಲೆ 4ರಿಂದ 6 ವಾರ ಭಾರ ಎತ್ತುವಂತಿಲ್ಲ. ತುಂಬಿದ ಬಿಂದಿಗೆ, ನೆನೆದ ಬಟ್ಟೆಯ ಬಕೆಟ್ಟು, ಎತ್ತಿಕೋ ಎಂದು ಕೈ ಚಾಚುವ ಮಗು, ಯಾವುದೂ ಇಲ್ಲ. ಇಷ್ಟು ವರ್ಷ ಒಬ್ಬಳೇ ಹೊತ್ತದ್ದನ್ನು ಇಳಿಸಲು ಇಷ್ಟು ಕೈ ಬೇಕಾಗುತ್ತವೆ. ಆ ಕೈಗಳು ಯಾರವು ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಸ್ವಾರ್ಥವಲ್ಲ.

ಬೇಕು ಎನ್ನುತ್ತಿರುವವರು ಯಾರು ಎಂದೂ ಒಮ್ಮೆ ಕೇಳಿಕೊಳ್ಳಬೇಕು. ಬೇಡ ಎನ್ನುವುದು ಅತ್ತೆಯೋ ಗಂಡನೋ ಆಗಿದ್ದರೆ, ಹೊರೆ ಯಾರ ಹೆಗಲ ಮೇಲಿದೆ ಎಂಬುದನ್ನು ಅವರಿಗೆ ಮೆಲ್ಲಗೆ ನೆನಪಿಸಬಹುದು. ಬೇಕು ಎನ್ನುವುದು ಬೇರೆಯವರ ಕಣ್ಣಾಗಿದ್ದರೆ, ಇನ್ನೊಂದಿಷ್ಟು ದಿನ ಕಾಯಬಹುದು.

ಹೊರೆ ಇಳಿಸಿದವರು ಮೊದಲ ನಾಲ್ಕು ಹೆಜ್ಜೆ ಹೊರೆ ಇದ್ದಂತೆಯೇ ಕತ್ತು ಬಿಗಿಹಿಡಿದು ನಡೆಯುತ್ತಾರೆ. ಇಲ್ಲೂ ಅಷ್ಟೆ. ಗಾಯ ಮಾಯ್ದ ಮೇಲೂ ಬೆನ್ನು ಕೆಲಕಾಲ ಹಳೆಯ ಬಾಗನ್ನೇ ಹಿಡಿದಿರುತ್ತದೆ, ಕೈ ತಾನಾಗಿ ವೇಲ್ ಹುಡುಕುತ್ತದೆ. ನೆಟ್ಟಗೆ ನಿಲ್ಲುವುದನ್ನು ನಿಧಾನವಾಗಿ, ಯಾರೂ ಗದರದೆ, ಕಲಿಯಬೇಕಾಗುತ್ತದೆ.