ವೆಬ್‌ಕ್ಯಾಮ್ ಡ್ರೈವರ್ ಮತ್ತು ಪ್ರಾಮಾಣ್ಯದ ಪ್ರಶ್ನೆ
ಜ್ಞಾನವೊಂದು ಯಥಾರ್ಥವೆಂಬುದು ಆ ಜ್ಞಾನದೊಡನೆಯೇ ತಿಳಿಯುತ್ತದೆಯೋ, ಬೇರೊಂದು ಆಧಾರದಿಂದ ತರುವಾಯ ತಿಳಿಯಬೇಕಾಗುತ್ತದೆಯೋ ಎಂಬುದು ಭಾರತೀಯ ದರ್ಶನಗಳಲ್ಲಿ ಪ್ರಾಮಾಣ್ಯವಾದವೆಂದು ಹೆಸರಾದ ಚರ್ಚೆ. ಪ್ರಾಮಾಣ್ಯವು ಸ್ವತಃ, ಅಂದರೆ ತನ್ನಿಂದಲೇ, ಸಿದ್ಧಿಸುತ್ತದೆ, ಅಪ್ರಾಮಾಣ್ಯ ಮಾತ್ರ ಪರತಃ, ಅಂದರೆ ಬೇರೆ ಕಾರಣದಿಂದ, ತಿಳಿಯುತ್ತದೆ ಎಂಬುದು ಮೀಮಾಂಸಕರಿಗೂ ಉಡುಪಿಯ ಮಧ್ವಾಚಾರ್ಯರಿಗೂ ಸಮ್ಮತವಾದ ಪಕ್ಷವಾದರೆ, ನೈಯಾಯಿಕರು ಎರಡಕ್ಕೂ ಹೊರಗಿನ ಪರೀಕ್ಷೆ ಬೇಕೆಂದರು. ಯುಎಸ್‌ಬಿ ವೆಬ್‌ಕ್ಯಾಮಿಗೆ ಡ್ರೈವರ್, ಅಂದರೆ ಸಾಧನಕ್ಕೂ ಆಪರೇಟಿಂಗ್ ಸಿಸ್ಟಮಿಗೂ ನಡುವಣ ತಂತ್ರಾಂಶ, ಬರೆಯುವವರು ಈ ವಿವಾದದ ನಡುವೆಯೇ ಕೆಲಸ ಮಾಡುತ್ತಾರೆ.

ಕ್ಯಾಮೆರಾ ಜೋಡಿಸಿದೊಡನೆ ಮೊದಲು ಬರುವುದು ಚಿತ್ರವಲ್ಲ. ತಾನು ಯಾವ ಗಾತ್ರದ, ಯಾವ ಬಗೆಯ ಚಿತ್ರಗಳನ್ನು ಕೊಡಬಲ್ಲೆನೆಂದು ಸಾಧನವೇ ಹೇಳಿಕೊಳ್ಳುವ ಡಿಸ್ಕ್ರಿಪ್ಟರ್ ಎಂಬ ವಿವರಪಟ್ಟಿ. 640×480 ಬಿಂದುಗಳ, ಬಿಂದುವಿಗೆ 2 ಬೈಟುಗಳಂತೆ ಒಟ್ಟು 6,14,400 ಬೈಟುಗಳ ಚಿತ್ರವು ಈ ಹೇಳಿಕೆಯನ್ನು ಒಪ್ಪದಿದ್ದರೆ ಬರಿಯ ಸಂಖ್ಯೆಗಳ ರಾಶಿ. ಪ್ರತ್ಯಕ್ಷವೆಂದು ತೋರುವುದು ಇಲ್ಲಿ ಶಬ್ದಪ್ರಮಾಣವನ್ನು, ಅಂದರೆ ಆಪ್ತವಾಕ್ಯವನ್ನು, ನೆಚ್ಚಿಕೊಂಡಿದೆ.

ಚಿತ್ರಗಳು ಸಾಮಾನ್ಯವಾಗಿ ಐಸೋಕ್ರೋನಸ್ ಎಂಬ ಕಾಲಬದ್ಧ ವಿಧಾನದಲ್ಲಿ ಹರಿದುಬರುತ್ತವೆ. ಇದರಲ್ಲಿ ವೇಗಕ್ಕೆ ಖಾತರಿಯುಂಟು, ಕಳೆದುಹೋದ ತುಣುಕನ್ನು ಮತ್ತೆ ಕೇಳುವ ಅವಕಾಶವಿಲ್ಲ. ಆದುದರಿಂದ ಡ್ರೈವರ್ ಇಂತಹ ನಿಶ್ಚಿತ ಗಾತ್ರದ ಪ್ರತಿ ಚಿತ್ರದ ಬೈಟುಗಳನ್ನೂ ಎಣಿಸಿ, ಕಡಿಮೆ ಬಿದ್ದುದನ್ನು ದೋಷಯುಕ್ತವೆಂದು ಗುರುತಿಸುತ್ತದೆ. ನೈಯಾಯಿಕರ ಪರೀಕ್ಷೆ ಇದೇ ಎನ್ನೋಣವೆಂದರೆ, ಎಣಿಕೆಯನ್ನು ಹೋಲಿಸುವ ಮೂಲಸಂಖ್ಯೆ ಸಾಧನವು ಒಪ್ಪಿಸಿದ್ದೇ ಆಗಿದೆ! ಪರೀಕ್ಷೆಗೆ ಇನ್ನೊಂದು ಪರೀಕ್ಷೆ ಬೇಕಾಗುವ ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಪಳಿ, ಮೊದಲ ನಂಬಿಕೆಯಲ್ಲಿ ನಿಲ್ಲುತ್ತದೆ. ಇಷ್ಟರಮಟ್ಟಿಗೆ ಮೀಮಾಂಸಕರ ಮಾತೇ ಗಟ್ಟಿ.

ಆದರೆ ಸಾಧನಗಳು ಸುಳ್ಳಾಡುವುದೂ ಉಂಟು. 2008ರಲ್ಲಿ ಲಿನಕ್ಸ್ 2.6.26ನ್ನು ಸೇರಿದ, ಲೊರಾಂ ಪಿಂಶಾರ್ ಬರೆದ ಯುವಿಸಿವಿಡಿಯೊ ಡ್ರೈವರಿನಲ್ಲಿ ಕ್ವರ್ಕ್ ಎಂದು ಕರೆಯಲಾಗುವ ಅಪವಾದಗಳ ಪಟ್ಟಿಯಿದೆ. ಕೆಲವು ಕ್ಯಾಮೆರಾಗಳು ಅಗತ್ಯಕ್ಕಿಂತ ಹೆಚ್ಚು ಬ್ಯಾಂಡ್‌ವಿಡ್ತ್ ಕೇಳುವುದರಿಂದ, ಅವುಗಳ ಮಾತನ್ನು ಬಿಟ್ಟು ಡ್ರೈವರ್ ತಾನೇ ಅಂದಾಜು ಮಾಡುವುದು ಆ ಅಪವಾದಗಳಲ್ಲೊಂದು. ಪಟ್ಟಿಯಲ್ಲಿಲ್ಲದ ಕ್ಯಾಮೆರಾವನ್ನು ನಂಬುವುದು, ದೋಷ ಕಂಡದ್ದನ್ನಷ್ಟೇ ಶಂಕಿಸುವುದು ಸ್ವತಃಪ್ರಾಮಾಣ್ಯವಾದದ ನಡೆಯೇ ಸರಿ.

ಆದರೂ ಆ ದೋಷವನ್ನು ಕಂಡವರು ಯಾರು? ಮಧ್ವರ ಸಿದ್ಧಾಂತದಲ್ಲಿ ಪ್ರಾಮಾಣ್ಯವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಜೀವಸ್ವರೂಪವೇ ಆದ ಇಂದ್ರಿಯ. ಡ್ರೈವರಿಗೆ ಅಂತಹ ಸಾಕ್ಷಿಯಿಲ್ಲ. ಬೈಟುಗಳ ಎಣಿಕೆ ಸರಿಯಿದ್ದು ಬಣ್ಣಗಳು ತಲೆಕೆಳಗಾದರೆ ಅದಕ್ಕೆ ಯಾವ ಕೊರತೆಯೂ ಕಾಣದು. ಪರದೆಯಲ್ಲಿ ತನ್ನ ಮುಖ ನೀಲಿಯಾಗಿದೆಯೆಂದು ದೂರುವುದು ಬಳಕೆದಾರನೇ, ಮತ್ತು ತನ್ನ ಮೈಬಣ್ಣವನ್ನು ಅವನು ಡಿಸ್ಕ್ರಿಪ್ಟರಿನಿಂದ ಕಲಿತವನಲ್ಲ.