ಭೂತಾಯಿಗೆ ಎಷ್ಟು ಪಾಲು?

ಸೀಗಿ ಹುಣ್ಣಿಮೆಗೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ರೈತರು ಪೈರು ಹೊತ್ತ ನೆಲವನ್ನು ಬಸುರಿಯೆಂದು ಬಗೆದು ಪೂಜಿಸುತ್ತಾರೆ, ಹೊಲದ ತುಂಬ ನೈವೇದ್ಯದ ಅಡುಗೆಯನ್ನು ಚರಗವಾಗಿ ಚೆಲ್ಲುತ್ತಾರೆ. ಬೆಳೆದದ್ದರಲ್ಲಿ ಮಣ್ಣಿಗೂ ಪಾಲುಂಟು ಎಂಬ ನಂಬಿಕೆ ಇದು. ಆದರೆ ಆ ಪಾಲು ಎಷ್ಟು?

ಗೆಣಸಿನ ಹೊಲವನ್ನೇ ಕೇಳಬೇಕು. ಯೂರಿಯಾ ಅತಿಯಾದರೆ ಬಳ್ಳಿ ಕಪ್ಪುಹಸಿರಾಗಿ ಬದು ದಾಟಿ ಹಬ್ಬುತ್ತದೆ. ಅಗೆದರೆ ಸಿಗುವುದು ಬೆರಳುಗಾತ್ರದ ಬೇರು. ಎಲೆಯಲ್ಲಿ ತಯಾರಾದ ಸಕ್ಕರೆ ಗೆಡ್ಡೆಗೆ ಇಳಿಯಲು ಪೊಟ್ಯಾಷ್ ಬೇಕು. ಸಕ್ಕರೆ ಬೀಟಿನಲ್ಲಂತೂ ಕೊನೆಯ ದಿನಗಳಲ್ಲಿ ಸಾರಜನಕ ಹೆಚ್ಚಾದರೆ ಗೆಡ್ಡೆ ದಪ್ಪಗಾದರೂ ಸಿಹಿ ತಗ್ಗುತ್ತದೆ. ಕೊಟ್ಟದ್ದೆಲ್ಲ ಸೇವೆಯಲ್ಲ.

ಕೊಯ್ದೊಯ್ದ ಖನಿಜಗಳನ್ನು ಹಿಂತಿರುಗಿಸದಿದ್ದರೆ ನೆಲ ಬಡವಾಗುತ್ತದೆ ಎಂದು ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1840ರಲ್ಲೇ ವಾದಿಸಿದ್ದ. ಅದು ಲೆಕ್ಕದ ಮಾತು. ಚರಗದ್ದು ಋಣದ ಮಾತು. ಇವೆರಡೂ ವಿರೋಧಿಗಳೆಂದು ತಿಳಿಯುವುದು ತಪ್ಪು. ಶರಣರ ದಾಸೋಹದಲ್ಲೂ ಉಣ್ಣುವವನ ಹಸಿವೇ ಮುಖ್ಯ, ನೀಡುವವನ ಹುರುಪಲ್ಲ. ಹಾಗಾದರೆ ಮಣ್ಣಿನ ಹಸಿವನ್ನು ತಿಳಿಯುವುದೂ ಭಕ್ತಿಯೇ ತಾನೆ?

ಕೂಡ್ಲಿಗಿ ಕಡೆಯ ಕೆಂಪು ಮರಳುಮಣ್ಣು ಗೊಬ್ಬರವನ್ನು ಹೆಚ್ಚು ಹೊತ್ತು ಹಿಡಿದಿಡದು. ಒಂದೇ ಜೋರುಮಳೆಗೆ ಸಾರಜನಕ ಬೇರಿನಾಳ ಮೀರಿ ಜಾರುತ್ತದೆ. ಅಲ್ಲಿ ಮೊದಲು ಬೇಕಾದದ್ದು ತಿಪ್ಪೆಗೊಬ್ಬರ, ಬೇಸಿಗೆಯಲ್ಲಿ ರಾತ್ರಿ ತರುಬಿದ ಕುರಿಹಿಂಡಿನ ಹಿಕ್ಕೆ. ಜೊತೆಗೆ ಹೊಲದ ಹಲವು ಕಡೆ ಆರಿಂಚು ಆಳದಿಂದ ತೆಗೆದು ಬೆರೆಸಿದ ಅರ್ಧ ಕಿಲೋ ಮಣ್ಣಿನ ಪರೀಕ್ಷೆ. ಯೂರಿಯಾ ಚೀಲ ಬಿಚ್ಚುವುದು ಅದರ ನಂತರ.